ನಾಲ್ಕು ಗಂಟೆ ಮೂವತ್ತಮೂರು ನಿಮಿಷ

"ಅಂಗಡಿ ಯಜಮಾನ್ರು ಇಲ್ಲೇನ್ರಿ?"

ಹಳಿಯಾಳ ಬಸ್ ಸ್ಟ್ಯಾಂಡ್ ಎದುರಿನ ವಾಚ್ ರಿಪೇರಿ ಅಂಗಡಿಯಲ್ಲಿ ಕ್ರಿಸ್ತಿನಾ ತಲೆ ಎತ್ತಿದಳು.

"ನಾನ ಯಜಮಾನ್ತಿ. ಏನಾಗೇತ್ರಿ?"

ಬಂದವನು ನಾಚಿ, ಕರ್ಚೀಫಿನ ಗಂಟು ಬಿಚ್ಚಿದ. ಹೆಸರು ಮಾಲತೇಶ. ದಾಂಡೇಲಿಯಲ್ಲಿ ರೆಸಾರ್ಟ್ ನಡೆಸುತ್ತಿದ್ದ. ಹಳೆಯ ಸ್ವಿಸ್ ವಾಚು ಕೂಡಿಸುವ ಹುಚ್ಚು ಬೇರೆ. ಕರ್ಚೀಫಿನೊಳಗಿದ್ದುದನ್ನು ನೋಡಿ ಕ್ರಿಸ್ತಿನಾ ಉಸಿರಾಡುವುದನ್ನೇ ಮರೆತಳು. ಮಿನಿಟ್ ರಿಪೀಟರ್! ಬದಿಯಲ್ಲಿರುವ ಕಡ್ಡಿಯಂಥ ಪುಟ್ಟ ಕೀಲಿ ಸರಿಸಿದರೆ ಆಗಿನ ಸಮಯವನ್ನು ಗಂಟೆ ಬಾರಿಸಿ ಹೇಳುವ ವಾಚು. ಧಾರವಾಡದಲ್ಲಿ ಏಳು ವರ್ಷ ಕೆಲಸ ಕಲಿತರೂ ಇದನ್ನು ಚಿತ್ರದಲ್ಲಷ್ಟೇ ಕಂಡಿದ್ದಳು.

"ತಗೊಂಡು ಮೂರು ತಿಂಗಳಾತು, ದನೀನ ಇಲ್ಲ. ಮುರೀತೈತೇನೋ ಅಂತ ಕೀಲಿ ಸ್ವಲ್ಪ ಅಷ್ಟ ಸರಿಸ್ತೇನಿ."

"ಪೂರ್ತಿ ಸರಿಸದಿದ್ರ ಅದು ಬಾಯೇ ಬಿಡೂದಿಲ್ರಿ."

ಬಸ್ಸುಗಳ ಹಾರ್ನ್ ಗದ್ದಲಕ್ಕೆ ಅವನನ್ನು ಒಳಕೋಣೆಗೆ ಕರೆದೊಯ್ದು, ಫ್ಯಾನ್ ಆರಿಸಿ, ಕೀಲಿಯನ್ನು ತುದಿಯವರೆಗೂ ತಳ್ಳಿದಳು. ಗಂಟೆಗೆ ನಾಲ್ಕು ತುಂಬು ದನಿ, ಕಾಲು ಗಂಟೆಗೊಂದರಂತೆ ಎರಡು ಜೋಡಿ ದನಿ, ಉಳಿದ ನಿಮಿಷಕ್ಕೆ ಮೂರು ತೆಳು ದನಿ. ನಾಲ್ಕು ಮೂವತ್ತಮೂರು. ಕೇಳಲು ಬಾಗಿದ್ದ ಅವನ ಕಿವಿಗೆ ಅವಳ ಗುಂಗುರು ಕೂದಲು ತಾಗಿತು. ಅವನು ಕದಲಲಿಲ್ಲ. ಅವಳೂ ಕದಲಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಒಂದೊಂದು ವಾಚು ಬಂತು. ಚಂದ್ರ ಬೆಳೆಯುವುದು, ಕರಗುವುದು ತೋರಿಸುವಂಥದ್ದು. ಫೆಬ್ರವರಿಗೆ ಎಷ್ಟು ದಿನವೆಂದು ತಾನೇ ಬಲ್ಲಂಥದ್ದು.

"ಇದಕ್ಕೇನಾಗೇತ್ರಿ?"

"ನೀವ ನೋಡಿ ಹೇಳ್ರಿ," ಎಂದು ಅವನು ಅವಳನ್ನೇ ನೋಡುತ್ತ ಕೂರುತ್ತಿದ್ದ.

ಆ ಹೊತ್ತಿಗೇ ಮುಂಬೈಯಿಂದ ಪತ್ರ ಬಂತು. ಇಂಥ ವಾಚುಗಳನ್ನು ಬಿಚ್ಚಿ ಜೋಡಿಸುವ ಆರು ತಿಂಗಳ ತರಬೇತಿಗೆ ಕ್ರಿಸ್ತಿನಾ ಆಯ್ಕೆಯಾಗಿದ್ದಳು. ಅವಳು ಪತ್ರ ಮಡಚಿಟ್ಟಳು.

"ಹೋಗೂದಿಲ್ರಿ. ಅಂಗಡಿ ಮುಚ್ಚಿದ್ರ ಗಿರಾಕಿ ಎಲ್ಲಾ ಕೈ ಬಿಟ್ಟು ಹೋಗ್ತಾರ."

ಮಾಲತೇಶ ಆ ಪತ್ರವನ್ನು ಮತ್ತೆ ಬಿಚ್ಚಿ ಅವಳ ಮುಂದಿಟ್ಟ.

"ಹೋಗ್ರಿ. ಅಂಗಡಿ ನಾ ತೆಗೀತೇನಿ. ಸೆಲ್ ಹಾಕೂದು, ಬೆಲ್ಟ್ ಬದಲಿಸೂದು ಕಲಿಸಿಕೊಡ್ರಿ."

"ರೆಸಾರ್ಟ್?"

"ತಮ್ಮ ಅದಾನ."

"ನಿಮಗ್ಯಾಕ್ರಿ ಇಷ್ಟು ಉಸಾಬರಿ?"

ಅವನ ಕಿವಿ ಕೆಂಪಾಯಿತು. "ಆಮ್ಯಾಲೆ ಶನಿವಾರಕ್ಕೊಂದು ನಾ ತಂದಿದ್ದರಾಗ ಒಂದೂ ವಾಚು ಕೆಟ್ಟಿರಲಿಲ್ರಿ. ನಿಮ್ಮನ್ನ ನೋಡಾಕ ಬರ್ತಿದ್ದೆ. ನಿಮ್ಮನ್ನ ಮದುವಿ ಆಗಬೇಕಂತ ಆಸೆ ಐತಿ."

"ಕೆಟ್ಟಿಲ್ಲಂತ ಮೊದಲನೇ ಶನಿವಾರಾನ ಗೊತ್ತಾತ್ರಿ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ಬರೂದು ಬಿಡ್ತಿದ್ರಿ."

ನಗು ತಡೆಯಲಾಗದೆ ಅವಳು ಪಕ್ಕದ ಸ್ಟೂಲ್ ಎಳೆದಳು. "ಬಾ, ಇಲ್ಲಿ ಕೂಡು. ಮೊದಲ ಚಿಮಟಾ ಹಿಡಿಯೂದು ಕಲಿ. ನಾ ಮುಂಬೈಯಿಂದ ಬಂದಮ್ಯಾಲೆ ನಮ್ಮಪ್ಪನ ಮುಂದ ಮದುವಿ ಮಾತಾಡೂಣು."

'ರೀ' ಬಿಟ್ಟು ಅವಳು ಮಾತಾಡಿದ್ದು ಅದೇ ಮೊದಲು. ಮಾಲತೇಶನ ಚಿಮಟಾದಿಂದ ಸೆಲ್ ಎರಡು ಸಲ ಜಾರಿ ನೆಲಕ್ಕೆ ಬಿತ್ತು.