ಸೊಲ್ಲಾಪುರ ಗಾಡಿಗೆ ನಲವತ್ತು ನಿಮಿಷ

"ಅಪ್ಪಾ, ಲಕೋಟಿ ಇಲ್ಲ!"

ಗದಗ ಜಂಕ್ಷನ್ನಿನ ಆ ಗದ್ದಲದಲ್ಲೂ ಅನಂತಾಚಾರ್ಯರಿಗೆ ಮಗಳ ದನಿ ಸರಿಯಾಗಿಯೇ ಕೇಳಿತು. ಮಧ್ಯಾಹ್ನದ ಸಂಧ್ಯಾವಂದನೆಗೆಂದು ನಳದಲ್ಲಿ ಕೈಕಾಲು ತೊಳೆದು, ಕೋಲೂರುತ್ತ ಬೆಂಚಿಗೆ ಮರಳುತ್ತಿದ್ದರು. ಕಣ್ಣು ಹೋಗಿ ಎಂಟು ವರ್ಷವಾಗಿತ್ತು. ಹರ್ಲಾಪುರದ ಗುಡಿಯಲ್ಲಿ ಪುರಾಣ ಹೇಳುವ ಮನುಷ್ಯ. ಕಂಠಪಾಠ ಇತ್ತು, ಹಾಗಾಗಿ ಹೊಟ್ಟೆಗೆ ತೊಂದರೆ ಇರಲಿಲ್ಲ.

"ಯಾವ ಲಕೋಟಿ?"

"ಸರ್ಟಿಫಿಕೇಟಿಂದು! ಟ್ರಂಕಿನ ಮ್ಯಾಲಿಟ್ಟಿದ್ದೆ..."

ಮಗಳು ಪದ್ಮಾಳ ಮ್ಯಾಟ್ರಿಕ್ ಸರ್ಟಿಫಿಕೇಟು, ಸೊಲ್ಲಾಪುರದ ನರ್ಸ್ ತರಬೇತಿಯ ಕರೆಪತ್ರ, ಎರಡೂ ಅದರಲ್ಲಿದ್ದವು. ನಾಳೆ ಬೆಳಿಗ್ಗೆ ಹತ್ತಕ್ಕೆ ಅಸಲು ಕಾಗದ ತೋರಿಸದಿದ್ದರೆ ಸೀಟು ಬೇರೆಯವರ ಪಾಲು. ಗಾಡಿ ಹೊರಡಲು ನಲವತ್ತೇ ನಿಮಿಷ.

ಈ ಜಂಕ್ಷನ್ ಎಂದರೆ ಕೇಳಬೇಕೆ! ಗುಂತಕಲ್ಲಿನವರು, ಹುಬ್ಬಳ್ಳಿಯವರು, ಸೊಲ್ಲಾಪುರದವರು, ಮೂರು ದಿಕ್ಕಿನ ಜನ ಇಲ್ಲೇ ಇಳಿದು, ಮೇಲ್ಸೇತುವೆಯ ಮೇಲೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಇನ್ನೊಂದು ಗಾಡಿ ಹತ್ತಬೇಕು. ಇಲ್ಲಿ ಕಳೆದದ್ದು ಸಿಕ್ಕಿತೆಂದರೆ ಪೂರ್ವಜನ್ಮದ ಪುಣ್ಯ.

ಆಚಾರ್ಯರ ಮನೆಯಲ್ಲೂ ಅಂದು ಅಂಥದೇ ಅದಲುಬದಲು ಇತ್ತು. ಮಗಳು ಸೊಲ್ಲಾಪುರ ಗಾಡಿ ಹತ್ತಬೇಕು. ಅದು ಹೋದ ತಾಸಿಗೆ ಹುಬ್ಬಳ್ಳಿ ಗಾಡಿಯಿಂದ ತಂಗಿ ವಿಮಲಾಬಾಯಿ ಇಳಿದು, ಅಣ್ಣನನ್ನು ಊರಿಗೆ ಕರೆದೊಯ್ದು, ಇನ್ನು ಮುಂದೆ ಅವನ ಜೊತೆಗೇ ಇರಬೇಕು. ಹೆಂಡತಿ ಹೋದ ವರ್ಷವೇ ತೀರಿಕೊಂಡಿದ್ದಳು. ಅತ್ತೆ ಬರುತ್ತಾಳೆಂದಮೇಲೆಯೇ ಪದ್ಮಾ ಹೊರಡಲು ಒಪ್ಪಿದ್ದು.

ಕೂಗು ಕೇಳಿ ಪೊಲೀಸ್ ಪುಂಡಲೀಕಪ್ಪ ಬೂಟು ಸದ್ದು ಮಾಡುತ್ತ ಬಂದ.

"ಕಡೀಕ ಯಾವಾಗ ನೋಡಿದ್ದವ್ವಾ?"

"ಚಹಾ ಕುಡಿಯೋವಾಗ. ಆಮ್ಯಾಲೆ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರ್ತದಂತ ಕೇಳ್ಲಿಕ್ಕೆ ಹೋದೆ."

ಚಹಾ ಎಂದೊಡನೆ ಆಚಾರ್ಯರ ಮೂಗು ಸಿಂಡರಿಸಿತು. ಬೆಳಿಗ್ಗೆ ಗಾಡಿಯಲ್ಲೂ ಅದೇ ಜಗಳ. ಊರ ಮಂದಿ ಬಾಯಿ ಹಚ್ಚಿದ ಕಪ್ಪು ಎಂದು ಇವರು ಬೈದರೆ, "ನಾಳಿಂದ ಮಂದಿ ಹುಣ್ಣು ತೊಳಿಯಾಕಿ ನಾ. ಮಡಿ-ಗಿಡಿ ನನ್ನ ಮುಂದ ತಗೀಬ್ಯಾಡಪ್ಪಾ," ಎಂದು ಮಗಳು ನಕ್ಕಿದ್ದಳು.

"ಟ್ರಂಕ್ ಕಾಯಾಕ ಯಾರಿದ್ರು?"

"ನಾನರೀ," ಎಂದ ಹಮಾಲ ಕುಬೇರಪ್ಪ. "ಇಲ್ಲೇ ಅಂತೂರ ಬೆಂತೂರ ಊರಂವ. ಹದಿನಾಕು ವರ್ಷಾತ್ರಿ ಇಲ್ಲಿ ಹೊರೆ ಹೊರಾಕ ಹತ್ತಿ."

"ಎಲ್ಲಿಟ್ಟಿ ತಗದು? ಬೊಗಳು!"

"ನನಗ ಓದಾಕ ಬರೂದಿಲ್ರಿ, ಸಾಹೇಬ್ರ! ಆ ಕಾಗದ ತಗೊಂಡು ಒಲಿಗೆ ಹಾಕ್ಲೇನು?"

ಪುಂಡಲೀಕಪ್ಪ ಅವನ ರುಮಾಲು ಬಿಚ್ಚಿಸಿದ, ಅಂಗಿ ಜಾಡಿಸಿದ. ಟ್ರಂಕಿನ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ನೋಡಿದ. ಏನೂ ಸಿಗಲಿಲ್ಲ.

"ಬೆಂಚಿನ ಮ್ಯಾಲಿನ ಆ ಗಂಟಿನ್ಯಾಗ ಏನೈತಿ?"

"ಮುಟ್ಟಬ್ಯಾಡ್ರಿ!" ಪದ್ಮಾ ಚೀರಿದಳು. "ಅದು ಅಪ್ಪನ ಮಡಿ ಗಂಟು!"

ಪುಂಡಲೀಕಪ್ಪ ಕೈ ಹಿಂದೆ ತೆಗೆದ. ಬ್ರಾಹ್ಮಣರ ಮಡಿ ಕೆಡಿಸಿ ಪಾಪ ಯಾಕೆ ಕಟ್ಟಿಕೊಳ್ಳಬೇಕು? ಅದರ ಬದಲು ಕುಬೇರಪ್ಪನ ಕೊರಳಪಟ್ಟಿಗೆ ಕೈ ಹಾಕಿದ. "ನಡೀಲೇ ಚೌಕಿಗೆ! ನಾಕು ಬಿದ್ರ ತಾನ ಬಾಯಿ ಬಿಡ್ತಿ."

"ಬಿಡ್ರಿ ಅವರನ್ನ, ನಿಮ್ಮ ಕಾಲಿಗೆ ಬೀಳ್ತೀನಿ!" ಪದ್ಮಾ ಅಳತೊಡಗಿದಳು. "ನನಗ ಯಾರ ಮ್ಯಾಲೂ ಸಂಶಯ ಇಲ್ಲ. ಹೋದದ್ದು ಹೋತು. ಏಳಪ್ಪಾ, ಈಗಿಂದೀಗ ಊರಿಗೆ ಹೋಗೋಣು."

ಆಚಾರ್ಯರು ಬೆಂಚಿನಿಂದ ಏಳಲಿಲ್ಲ. ಈಗಿಂದೀಗ?

ಘಂಟೆ ಬಡಿಯಿತು. ಸೊಲ್ಲಾಪುರ ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಜನ ನುಗ್ಗಿದರು.

"ಪುಂಡಲೀಕಪ್ಪಾ, ಆ ಮನಶ್ಯಾನ್ನ ಬಿಡು," ಎಂದರು ಆಚಾರ್ಯರು. "ಕಳ್ಳರು ಸಿಕ್ಕರು."

"ಯಾರ್ರಿ?"

"ಇಬ್ಬರಿದ್ದಾರ. ಮೊದಲನೇ ಕಳ್ಳ ನಾ."

ಅವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಒಣಗಿದ ಧೋತರದ ಮೇಲೆ ಬೆರಳಿಗೆ ಮೊದಲು ಸಿಕ್ಕಿದ್ದು ಲಕೋಟೆ. ಆಮೇಲೆ, ತಳದಲ್ಲಿರಬೇಕಾಗಿದ್ದ ಒಂದು ಅಂಚೆ ಕಾರ್ಡು. ಅದರ ಪಕ್ಕ ಬಾಳೆಲೆಯ ಪೊಟ್ಟಣ, ಶೇಂಗಾ ಉಂಡಿಯ ವಾಸನೆ. ಆಚಾರ್ಯರ ಕೈ ಅಲ್ಲಿಗೇ ನಿಂತಿತು.

"ನಾ ನಳಕ್ಕ ಹೋದಾಗ ಉಂಡಿ ಇಡ್ಲಿಕ್ಕೆ ಬಿಚ್ಚಿದ್ದೇನವಾ?"

"ಹೂಂ. ನಾ ಹೋದಮ್ಯಾಲೆ ನಿನಗ ಸಿಗಲಿ ಅಂತ..." ಎಂದಳು ಪದ್ಮಾ.

"ನನಗ ತಿಳೀವಲ್ದು ಆಚಾರ್ರ," ಎಂದ ಪುಂಡಲೀಕಪ್ಪ.

"ಈಕಿ ಎಂದೂ ಮಡಿ ಅಂದಾಕೀನ ಅಲ್ಲ. ಇವತ್ತ ನಿನ್ನ ಕೈ ತಡದು ಮಡಿ ಅಂದಳು. ಅಷ್ಟ ಆಗಿದ್ರ ನಾ ಬಿಟ್ಟುಬಿಡ್ತಿದ್ದೆ. ಆದರ ಈಗಿಂದೀಗ ಊರಿಗೆ ಹೋಗೋಣು ಅಂದಳಲ್ಲ? ಹುಬ್ಬಳ್ಳಿ ಗಾಡಿಗೆ ಅತ್ತಿ ಬರಾಕಿದ್ದಾಳ, ಆಕೀ ದಾರಿ ನೋಡೋದು ಬ್ಯಾಡೇನು? ಅತ್ತಿ ಬರೂದಿಲ್ಲ ಅನ್ನೋದು ನನಗ, ಕಾರ್ಡು ಓದಿ ಹೇಳಿದ ಪೋಸ್ಟಮನ್‌ಗ, ಇಬ್ಬರಿಗೇ ಗೊತ್ತಿತ್ತು. ಆ ಕಾರ್ಡು ಈ ಗಂಟಿನ ತಳದಾಗ ಮುಚ್ಚಿಟ್ಟಿದ್ದೆ, ಈಕಿ ಮುಟ್ಟೂದಿಲ್ಲಂತ ತಿಳದು. ಗಂಟು ಬಿಚ್ಚದ ಈಕಿಗೆ ಅದು ತಿಳಿಯೂದಿಲ್ಲ. ಬಿಚ್ಚಿದಾಕಿನ ಲಕೋಟಿ ಇಟ್ಟಾಕಿ."

ವಿಮಲಾಬಾಯಿಯ ಸೊಸೆಗೆ ಬಾಣಂತನ, ಮನೆ ಬಿಟ್ಟು ಬರಲಾಗುವುದಿಲ್ಲವೆಂದು ಕಾರ್ಡು ಬಂದು ಎಂಟು ದಿನವಾಗಿತ್ತು. ಆಚಾರ್ಯರು ಅದನ್ನು ನುಂಗಿಕೊಂಡು, ಹುಬ್ಬಳ್ಳಿ ಗಾಡಿಗಿಂತ ಮೊದಲು ಹೊರಡುವ ಗಾಡಿಯನ್ನೇ ಮಗಳಿಗೆ ಗೊತ್ತುಮಾಡಿದ್ದರು.

"ಸುಳ್ಳ ಹೇಳಿ ನನ್ನ ಅಟ್ಟಾಕ ಹತ್ತಿದ್ದೇನಪ್ಪಾ?" ಪದ್ಮಾ ಬಿಕ್ಕಿದಳು. "ನೀ ಒಬ್ಬನ ಒಲಿ ಹ್ಯಾಂಗ ಹಚ್ಚತೀ? ಕೈ ಸುಟ್ಕೊಂಡ್ರ?"

"ಸುಟ್ಟದ್ದಕ್ಕ ಔಷಧ ಹಚ್ಚೂದು ಕಲಿತು ಬಾ."

"ನಾ ಹೋಗೂದಿಲ್ಲ."

"ಪದ್ಮೀ." ಅವರು ಲಕೋಟೆಯನ್ನು ಮಗಳ ಕೈಗಿಟ್ಟರು. "ನಿಮ್ಮವ್ವಗ ಜ್ವರ ಬಂದಾಗ ಮನ್ಯಾಗ ನಾವಿಬ್ಬರೂ ಇದ್ದೆವು. ಏನು ಮಾಡಬೇಕಂತ ಇಬ್ಬರಿಗೂ ಗೊತ್ತಿರಲಿಲ್ಲ. ನನಗಿನ್ನ ಅಂಥಾದ್ದನ್ನ ತಡಕೊಳ್ಳಾಕ ಆಗೂದಿಲ್ಲವಾ. ಹತ್ತು."

ಪದ್ಮಾ ಕುಬೇರಪ್ಪನ ಕಾಲು ಮುಟ್ಟಲು ಬಾಗಿದಳು. "ಛೇ ಛೇ, ಏನವ್ವಾ ಇದು!" ಎಂದು ಅವನು ಹಾರಿ ಹಿಂದೆ ಸರಿದ, ಟ್ರಂಕು ಹೊತ್ತ, ಕಿಟಕಿಯಲ್ಲಿ ರುಮಾಲು ಎಸೆದು ಜಾಗ ಹಿಡಿದ. ಸೀಟಿ ಕೂಗಿತು. "ಅಪ್ಪಾ" ಎಂಬ ಕೂಗು ದೂರ ದೂರ ಹೋಗಿ ಗಾಲಿಗಳ ಸದ್ದಿನಲ್ಲಿ ಮುಳುಗಿತು. ಆಚಾರ್ಯರು ಕೈ ಎತ್ತಿಯೇ ನಿಂತಿದ್ದರು.

"ಗಾಡಿ ಹೋತ್ರಿ, ಆಚಾರ್ರ," ಎಂದ ಕುಬೇರಪ್ಪ ಮೆಲ್ಲಗೆ.

ಒಂದು ತಾಸಿಗೆ ಹುಬ್ಬಳ್ಳಿ ಗಾಡಿ ಬಂತು. ಜನ ಇಳಿದರು, ಹೆಸರು ಹಿಡಿದು ಕೂಗಾಡಿದರು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ಆಚಾರ್ಯರು ಕಿವಿಗೊಟ್ಟು ಕುಳಿತೇ ಇದ್ದರು. ಸದ್ದಡಗಿದ ಮೇಲೆ ಎದ್ದರು.

ಮೇಲ್ಸೇತುವೆ ದಾಟಿಸಲು ಕುಬೇರಪ್ಪ ಕೋಲಿನ ಇನ್ನೊಂದು ತುದಿ ಹಿಡಿದುಕೊಂಡ. ಪರರನ್ನು ಮುಟ್ಟದ ಆಚಾರ್ಯರನ್ನು ಊರಲ್ಲೂ ಎಲ್ಲರೂ ಹಾಗೆಯೇ ನಡೆಸುತ್ತಿದ್ದರು, ಮಗಳೊಬ್ಬಳನ್ನು ಬಿಟ್ಟು.

"ಕೋಲು ಬಿಡಪಾ," ಎಂದರು ಆಚಾರ್ಯರು. "ಕೈ ಕೊಡು."