ದಿಬ್ಬದ ಮೇಲಿನ ಕೆಂಚಿ

“ಪರಿಸಲ್ ಬಿಡಂಗಿಲ್ಲ ಅಂದ್ರೆ ಬಿಡಂಗಿಲ್ಲ ಮಗಾ. ಈ ಸೆಳವಲ್ಲಿ ನಾನೂ ವಾಪಸ್ ಬರಲ್ಲ,” ಎಂದು ಅಂಬಿಗ ಚಿನ್ನರಾಜ್ ತನ್ನ ಹರಿಗೋಲನ್ನು ದಡದಲ್ಲಿ ಮಗುಚಿ ಹಾಕಿದ.

ಧನಲಕ್ಷ್ಮಿ ನೀರಿನಾಚೆ ನೋಡಿದಳು. ಬೆಳಿಗ್ಗೆ ಅಲ್ಲಿ ನೀರೇ ಇರಲಿಲ್ಲ. ಮೆಟ್ಟೂರು ಡ್ಯಾಮಿನ ಒಣಗಿದ ತಳದಲ್ಲಿ ಕುರಿಗಳು ಮೇಯುತ್ತಿದ್ದವು. ದಿಬ್ಬವೊಂದರ ಮೇಲೆ ಅವಳ ಕುರಿ ಕೆಂಚಿ ಮರಿ ಹಾಕಿತು. ಮರಿ ಎದ್ದು ಹಾಲು ಕುಡಿಯುವವರೆಗೆ ತಾಯಿಯನ್ನು ಎಬ್ಬಿಸಬಾರದು ಎಂಬುದು ಅವರ ಮನೆಯ ಪದ್ಧತಿ. ಅದಕ್ಕೇ ಅವಳು ಕೆಂಚಿಯನ್ನು ಅಲ್ಲೇ ಬಿಟ್ಟು, ಉಳಿದ ಕುರಿಗಳನ್ನು ಮನೆಗೆ ಹೊಡೆದುಕೊಂಡು ಬಂದಳು. ಮತ್ತೆ ಹೋಗುವಷ್ಟರಲ್ಲಿ ಮೇಲಿನ ಡ್ಯಾಮುಗಳಿಂದ ಬಿಟ್ಟ ನೀರು ಬಂದು, ಹೊಳೆ ಏರಿ ದಿಬ್ಬವನ್ನು ಸುತ್ತುವರಿದಿತ್ತು.

“ಏನಾಗಲ್ಲ ತಾತ, ಅಲ್ಲಿ ಒಸಿ ಉಲ್ಲೈತೆ,” ಎಂದು ಪಕ್ಕದಲ್ಲಿದ್ದ ತನ್ನ ತಾತನಿಗೆ ಹೇಳಿದಳು. “ಬೋ ಇಂದ್ಲ ಕಾಲ್ದಲ್ಲಿ ದ್ವೀಪದಾಗೆ ಸಿಕ್ಕಾಕ್ಕೊಂಡ ಆನೆಗೋಳು ಚಿಕ್ಕವಾಗ್ಬುಟ್ವಂತೆ. ಮಿಸ್ ಪಿಕ್ಚರ್ ತೋರ್ಸುದ್ರು. ಕುರಿಗಿಂತ ಒಂದ್ ಗೇಣು ಎತ್ರ ಅಷ್ಟೇ! ಕೆಂಚೀನೂ ಚಿಕ್ಕದಾಗಿ, ಒಸಿ ತಿಂದ್ಕಂಡು ಬದುಕ್ತದೆ.”

ಅಣ್ಣ ಮಹದೇವ ನಕ್ಕುಬಿಟ್ಟ. “ಲೇ, ನಾಳೀಕೆ ಇಲಿ ಆಗ್ತದಾ?”

“ಸುಮ್ಕಿರ್ಲಾ!” ತಾತ ಕುಪ್ಪಸ್ವಾಮಿ ಗದರಿದ.

ಮರುದಿನ ಸೈನ್ಸ್ ಪೀರಿಯಡ್‌ನಲ್ಲಿ ಧನಲಕ್ಷ್ಮಿ ಎದ್ದು ನಿಂತು ತಮಿಳಿನಲ್ಲಿ ಕೇಳಿದಳು: “ಮಿಸ್, ಆ ಆನೆ ಚಿಕ್ಕದಾಗೋಕೆ ಎಷ್ಟು ದಿನ ಬೇಕಾಯ್ತು?”

ದಿನಗಳಲ್ಲ, ಸಾವಿರಾರು ವರ್ಷ ಎಂದರು ಶರಣ್ಯ ಮಿಸ್. ಯಾವ ಆನೆಯೂ ತಾನಾಗಿ ಕುಗ್ಗಲಿಲ್ಲ. ಮೇವು ಸಾಲದೆ ದೊಡ್ಡವು ಸತ್ತವು. ಚಿಕ್ಕವು ಉಳಿದವು. ಅವುಗಳ ಮರಿ, ಆ ಮರಿಗಳ ಮರಿ, ಹೀಗೆ ಚಿಕ್ಕವಾಗುತ್ತ ಬಂದವು.

ಧನಲಕ್ಷ್ಮಿ ಕುಳಿತುಬಿಟ್ಟಳು. ಮಿಸ್ ಅವಳ ಮುಖ ನೋಡಿದರು. ತಮ್ಮ ನೀರಿನ ಬಾಟಲಿ ತಂದು ಅವಳ ಮುಂದಿಟ್ಟು, ಮೆಲ್ಲಗೆ ಬೋರ್ಡಿನ ಕಡೆ ಹೋದರು.

ಸಂಜೆ ಅವಳು ಓಡಿ ಬಂದಾಗ ತಾತ ದಡದಲ್ಲೇ ಕುಳಿತಿದ್ದ. ದಿಬ್ಬ ಈಗ ಒಂದು ಕಂಬಳಿ ಹಾಸುವಷ್ಟು ಮಾತ್ರ ಉಳಿದಿತ್ತು. ಹುಲ್ಲು ಮುಳುಗಿತ್ತು. ಮರಿ ಕಾಣಲಿಲ್ಲ. ಕೆಂಚಿ ನಿಂತೇ ಇತ್ತು. ಗಾಳಿ ಈ ಕಡೆ ಬೀಸಿದಾಗ ಮಾತ್ರ ಅದರ ಕೂಗು ಕೇಳುತ್ತಿತ್ತು.

“ನೋಡ್ ನನ್ ಕಣ್ಣೇ,” ತಾತ ದಿಬ್ಬದ ಕಡೆ ಕೈ ತೋರಿದ. “ನೀನೇಳ್ದಂಗೇ ಆಯ್ತು. ಆಗ್ಲೇ ಚಿಕ್ಕದಾಗಿ ಕಾಣ್ತದೆ. ಬದುಕ್ಕಂತದೆ ಬುಡು.”

ನೀರು ಏರಿ ದಡವೇ ಹಿಂದೆ ಸರಿದಿದೆ, ಕುರಿ ದೂರವಾಗಿದೆ ಎಂಬುದು ಧನಲಕ್ಷ್ಮಿಗೆ ಗೊತ್ತಿತ್ತು. ಅವಳು ತಾತನ ಮುಖ ನೋಡಿದಳು. ಅವನಿಗೂ ಗೊತ್ತಿತ್ತು.

“ಊಂ ತಾತ,” ಎನ್ನುತ್ತ ಅವನ ಪಕ್ಕ ಕುಳಿತಳು. “ಚಿಕ್ಕದಾಗೈತೆ.”