ಬಾಲ ಬಿಟ್ಟ ಹಾಸು

"ಆ ಬಾಲ ಮಾತ್ರ ಹೊಲೀಬೇಡ ಕಣಮ್ಮಾ," ಎಂದರು ಅತ್ತೆ, ಬಾಗಿಲಲ್ಲೇ ನಿಂತು. "ದುಂಡಗಿರೋದಕ್ಕೆ ಹೊರಗೆ ಬರೋ ದಾರಿ ಅಂತ ಒಂದು ಇರಬೇಕು. ಮುಚ್ಚಿಬಿಟ್ರೆ ಒಳಗೆ ಹೋದೋರು ಬರಲ್ಲ."

ಸೊಸೆ ನಕ್ಕಳು. ಪಟ್ಟಣ ಬಿಟ್ಟು, ಮಗಳನ್ನು ಕರೆದುಕೊಂಡು ಅವಳು ಗಂಡನ ಹಿರಿಯರ ಮನೆಗೆ ವಾಸಕ್ಕೆ ಬಂದದ್ದೇ ಮೊನ್ನೆ ಮೊನ್ನೆ. ಕಂಡವರ ಮನೆ ಸಿಂಗರಿಸುವುದು ಅವಳ ಕಸುಬು, ಈಗ ಸ್ವಂತ ಮನೆಯ ಸರದಿ. ಅಟ್ಟದಿಂದ ಇಳಿಸಿದ ದುಂಡು ನೆಲಹಾಸು ನಡುಮನೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದರ ಅಂಚಿನಿಂದ ಗೇಣುದ್ದ ಹೆಣಿಗೆಯ ತುದಿ ಹೊರಗೆ ಚಾಚಿಕೊಂಡಿತ್ತು, ಅಂದದ ಮುಖದಲ್ಲಿ ಮೂಗಿನ ಕೂದಲು ಇಣುಕಿದ ಹಾಗೆ.

"ಅತ್ತೆ, ಇದರ ಚರಿತ್ರೆ ನಾನು ಹೇಳ್ತೀನಿ ಕೇಳಿ. ಮಗ್ಗ ಇಲ್ಲದ ಬಡವರು ಹರಕು ಬಟ್ಟೆ ಸೀಳಿ, ಜಡೆ ಹೆಣೆದು, ನಡುವಿಂದ ಸುತ್ತುತ್ತಾ ಬಂದ್ರು. ಜಡೆ ಸುತ್ತಿದ್ರೆ ದುಂಡಗೇ ಆಗೋದು. ಇದರಲ್ಲಿ ಮಾಟವೂ ಇಲ್ಲ, ಮಣ್ಣೂ ಇಲ್ಲ."

"ಯಾರ ಬಟ್ಟೆ ಅಂತ ಕೇಳಲಿಲ್ಲವಲ್ಲ ನೀನು. ಈ ಮನೇಲಿ ಸತ್ತೋರದ್ದು. ಅವರಿಗೆ ಜೊತೆ ಬೇಕಂತೆ."

"ಒಳ್ಳೇದೇ ಆಯ್ತು, ನೆಂಟರು ಬಂದಾಗ ಎಲ್ಲರೂ ಒಟ್ಟಿಗೆ ಕೂರಬಹುದು."

ದಬ್ಬಳಕ್ಕೆ ದಾರ ಪೋಣಿಸಿ, ಬಾಲವನ್ನು ಅಂಚಿಗೆ ಸೇರಿಸಿ ಬಿಗಿಯಾಗಿ ಹೊಲಿದುಬಿಟ್ಟಳು. ಕುರ್ಚಿಗಳ ಮುಂಗಾಲು ಮಾತ್ರ ಹಾಸಿನ ಮೇಲೆ ಬರುವಂತೆ ಎಳೆದಳು. ಕೋಣೆ ದೊಡ್ಡದಾಗಿ ಕಾಣಲು ಅದೇ ಉಪಾಯ. ಐದು ವರ್ಷದ ಮಗಳು ಗೊಂಬೆ ಹಿಡಿದು ಹಾಸಿನ ನಟ್ಟನಡುವೆ ಕೂತಳು.

ಪರದೆಯ ಹಿಂದೆ ಸಂಜೆಯ ಬೆಳಕು ಆರುತ್ತಿತ್ತು. ಮೊದಲು ಬಂದದ್ದು ವಾಸನೆ. ಹಳೆಯ ಬೆವರು, ಔಷಧಿ, ಮುಗ್ಗಲು ಹಿಡಿದ ಬಟ್ಟೆ. ಆಮೇಲೆ ಬಟ್ಟೆಗೆ ಬಟ್ಟೆ ಉಜ್ಜುವ ಸರಪರ ಸದ್ದು, ಯಾರೋ ಹಲವರು ಸರಿದು ಜಾಗ ಮಾಡಿಕೊಡುತ್ತಿರುವಂತೆ.

"ಪುಟ್ಟಿ, ಬಾ ಇಲ್ಲಿ."

ಮಗು ಎದ್ದು ನಡೆಯಿತು. ನಡೆಯುತ್ತಲೇ ಇತ್ತು. ಅಂಚು ಮಾತ್ರ ಹತ್ತಿರವಾಗಲಿಲ್ಲ.

"ಅಮ್ಮಾ, ನೀನ್ಯಾಕೆ ದೂರ ಹೋಗ್ತಿದೀಯಾ?"

ದನಿ ಬೆಟ್ಟದಾಚೆಯಿಂದ ಬಂದಂತಿತ್ತು. ತಾಯಿ ಒಳಗೆ ನುಗ್ಗಿದಳು. ಹೆಜ್ಜೆಯಿಟ್ಟದ್ದು ಹಾಸಿನ ಮೇಲೆ, ಬಿದ್ದದ್ದು ಆಚೆ ಗೋಡೆಯ ಬುಡದಲ್ಲಿ. ಹಾಸು ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಅತ್ತೆ ಹಾಸಿನ ಮುಂದೆ ಕೈಮುಗಿದು ಕೂತರು. "ತಪ್ಪಾಯ್ತು ಅನ್ನೇ, ಅಡ್ಡ ಬೀಳು! ಮಗು ಬದಲು ನನ್ನನ್ನ ತಗೊಳ್ಳಿ ಅಂತ ನಾನೇ ಬೇಡ್ಕೋತೀನಿ."

"ಯಾರೂ ಯಾರಿಗೂ ಅಡ್ಡ ಬೀಳಲ್ಲ! ನೀವೂ ಎಲ್ಲೂ ಹೋಗಲ್ಲ!"

ಕತ್ತರಿ ಸಿಕ್ಕಿತು. ಹೊಲಿಗೆ ಕಾಣಲಿಲ್ಲ. ಕತ್ತಲು. ಬೆರಳಿನಿಂದ ತಡಕಿದಳು. ದಾರ ಬೆಚ್ಚಗಿತ್ತು. ಕತ್ತರಿಸಿದಳು. ಕೂಡಿಕೊಂಡಿತು. ಮತ್ತೆ ಕತ್ತರಿಸಿದಳು. ಮತ್ತೆ ಕೂಡಿಕೊಂಡಿತು. ಕತ್ತರಿ ಬಿಸಾಡಿ ಕೈ ಹಾಕಿದಳು. ಉಗುರು ಕಿತ್ತುಬಂತು. ಬಿಡಲಿಲ್ಲ.

"ನನ್ನ ಮಗು ಕಣ್ರೋ ಅದು! ಬಿಡ್ರೋ!"

ಪಟ್ಟೆಂದು ಬಾಲ ಬಿಚ್ಚಿತು.

ತೋಳಿಗೆ ಮೈಯೊಂದು ಬಂದು ಬಿತ್ತು. ಅದು ಭಾರವಾಗಿತ್ತು. ಅತ್ತೆ ದೀಪ ಹಾಕಿದರು.

ತಾಯಿಯ ಭುಜದೆತ್ತರದ ಹುಡುಗಿ. ಪುಟ್ಟ ಫ್ರಾಕು ಹೊಲಿಗೆ ಬಿಟ್ಟು ಚಿಂದಿಯಾಗಿ ಮೈಗಂಟಿತ್ತು. ಕೂದಲು ಮೊಣಕಾಲು ಮುಟ್ಟುತ್ತಿತ್ತು. ನಡೆದೂ ನಡೆದೂ ಅಂಗಾಲು ಕಲ್ಲಾಗಿತ್ತು.

"ಎಷ್ಟು ಕರೆದೆ ಅಮ್ಮಾ," ಎಂದಳು. "ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ?"

ತಾಯಿಯ ಎದೆ ಒಡೆದುಹೋಯಿತು. ಆದರೂ ತಲೆ ತಗ್ಗಿಸಲಿಲ್ಲ. ಮಗಳನ್ನು ಅತ್ತೆಯ ಮಡಿಲಿಗೆ ಒರಗಿಸಿ, ರಕ್ತ ಸೋರುವ ಬೆರಳಲ್ಲೇ ಬಾಲ ಹಿಡಿದು ಹಾಸನ್ನು ಬಿಚ್ಚತೊಡಗಿದಳು.

"ಕೊಡಿ. ನನ್ನ ಮಗಳ ವರ್ಷಗಳನ್ನ ಕೊಡಿ."

ಸುತ್ತು ಬಿಚ್ಚಿದಂತೆಲ್ಲ ಹೆಣಿಗೆಯ ಸಂದಿನಿಂದ ಪುಟ್ಟಿಯ ಹಾಲುಹಲ್ಲು ಒಂದೊಂದೇ ನೆಲಕ್ಕೆ ಉದುರಿತು.